ಹನೀಫಾಕನ ಗೆದ್ದಲು ಸರ್ವೆ

ಹನೀಫಾಕ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಒಂದೇ ಶಬ್ದದ್ದು. ಆಮೇಲೆ ಮೂರು ವಾರ ಅವರು ಸಿಕ್ಕಿದವರಿಗೆಲ್ಲ ಸತ್ಯವನ್ನೇ ಹೇಳಿದರು. ಪಂಜಿಗುಡ್ಡೆಯಲ್ಲಿ ಅದನ್ನು ಯಾರೂ ನಂಬಲಿಲ್ಲ.

ಪಂಜಿಗುಡ್ಡೆ ಸಿದ್ಧಕಟ್ಟೆಯಿಂದ ಮೂರು ಕಿಲೋಮೀಟರ್ ಒಳಗೆ. ಹನೀಫಾಕ ಸೌದಿಯ ಜುಬೈಲಿನ ಒಂದು ಕಂಪೆನಿಯಲ್ಲಿ ಇಪ್ಪತ್ತನಾಲ್ಕು ವರ್ಷ ಸ್ಟೋರ್‌ಕೀಪರ್ ಆಗಿದ್ದು ಊರಿಗೆ ಬಂದವರು. ಕೆಲಸ ಬಿಟ್ಟರೂ ರಿಜಿಸ್ಟರ್ ಬಿಡಲಿಲ್ಲ. ಗ್ಯಾಸ್ ಬಂದ ದಿನ, ಬಲ್ಬ್ ಹೋದ ದಿನ, ಅತ್ತೆ ಬಂದ ದಿನ, ಅತ್ತೆ ಹೋದ ದಿನ, ಎಲ್ಲವನ್ನೂ ಬರೆಯುತ್ತಿದ್ದರು. ಹೊರಗೆ ಹೊರಟರೆ ಕಂಪೆನಿಯ ಗುರುತಿನ ಚೀಟಿ ಈಗಲೂ ಕೊರಳಲ್ಲಿ ನೇತಾಡುತ್ತಿತ್ತು. ಅದರ ಅವಧಿ ಮುಗಿದು ಐದು ವರ್ಷವಾಗಿತ್ತು. ಆದರೆ ಅದು ಅರಬಿಯಲ್ಲಿ ಇದ್ದುದರಿಂದ ಊರಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಅವರು ಮೂಡುಬಿದಿರೆಯಿಂದ ಒಂದು ಜೋಡಿ ಸ್ಟಾರ್ ಫಿಂಚ್ ತಂದು ಸಿಟೌಟಿನಲ್ಲಿ ಪಂಜರ ಇಟ್ಟರು. ಕೆಂಪು ಮುಖ, ಮೈತುಂಬ ಬಿಳಿ ಚುಕ್ಕಿ, ಹೆಬ್ಬೆರಳಿನಷ್ಟು ಹಕ್ಕಿ. ಶುಕ್ರವಾರ ಮಸೀದಿಯಲ್ಲಿ ಜುಮ್ಮಾ ಮುಗಿಸಿ ಹೊರಗೆ ಬಂದವರಿಗೆಲ್ಲ, "ಬ್ರೀಡಿಂಗ್ ಮಾಡ್ತಾ ಇದ್ದೇನೆ" ಎಂದರು. ಮೊದಲ ಸಲ ಮೊಟ್ಟೆ ಒಡೆದು ಮೂರು ಮರಿ ಬಂದವು, ನಾಲ್ಕೇ ದಿನಕ್ಕೆ ಸತ್ತವು. ಎರಡನೇ ಸಲವೂ ಹಾಗೆಯೇ ಆಯಿತು. ರಿಜಿಸ್ಟರಿನಲ್ಲಿ ಹನೀಫಾಕ ಬರೆದರು: "ಮರಿ 3. ಖರ್ಚು 3. ಸ್ಟಾಕ್ ಇಲ್ಲ."

ಮೂರನೇ ಸಲ ನಾಲ್ಕು ಮರಿ ಹೊರಬಂದ ದಿನ ಅವರ ಹೆಂಡತಿ ಜುಲೈಕಾ ಸೌಟು ಹಿಡಿದುಕೊಂಡೇ ಸಿಟೌಟಿಗೆ ಬಂದಳು.

"ನೋಡಿ, ಎರಡು ಸಲ ಮೆಣಸಿನ ಗಿಡದ ಬುಡದಲ್ಲಿ ಹೂಳಿದ್ದು ನಾನು. ನೀವು ಬರೆದದ್ದು ಮಾತ್ರ. ಈ ಸಲ ಒಂದು ಸತ್ತರೂ ಈ ಪಂಜರ ಗುಜರಿಗೆ ಹೋಗ್ತದೆ. ದೊಡ್ಡ ಹಕ್ಕಿ ಎರಡೂ ವಾಪಸ್ ಮೂಡುಬಿದಿರೆಗೆ."

"ನಾನು ಎಂಥ ಮಾಡ್ಲಿ? ನವಣೆ ಹಾಕ್ತೇನೆ, ಬಿಸ್ಕೆಟ್ ಹಾಕ್ತೇನೆ..."

"ಕೊಟ್ಟವನ ಹತ್ರ ಕೇಳಿ. ರಿಜಿಸ್ಟರ್ ಹತ್ರ ಕೇಳಿದ್ರೆ ಅದು ಎಂಥ ಹೇಳ್ತದೆ?"

ಹನೀಫಾಕ ಸ್ಕೂಟರ್ ಹತ್ತಿ ಮೂಡುಬಿದಿರೆಗೆ ಹೋದರು. ಹಕ್ಕಿ ಅಂಗಡಿಯ ಸಿನಾನ್ ತಲೆಗೆ ಕೈ ಹಚ್ಚಿದ.

"ಅಲ್ಲ ಹನೀಫಾಕ, ಬಿಸ್ಕೆಟಾ? ಹಕ್ಕಿ ಎಂಥ ಚಾಯ ಕುಡೀಲಿಕ್ಕೆ ಬಂದದ್ದಾ? ಈ ಜಾತಿಯ ಮರಿಗೆ ಜೀವ ಇರುವ ಹುಳ ಬೇಕು. ತಾಯಿಹಕ್ಕಿ ಅದನ್ನು ಹಿಡಿದು ತಿನ್ನಿಸ್ಬೇಕು. ಇಪ್ಪತ್ತೊಂದು ದಿನ, ಮರಿ ಗೂಡಿನಿಂದ ಇಳಿಯುವ ತನಕ."

"ಹಾಗಾದ್ರೆ ಒಂದು ಕಿಲೋ ಹುಳ ಕೊಡು."

"ಹುಳ ಕೇರಳದಿಂದ ಬರ್ಬೇಕು. ಈ ತಿಂಗಳು ಇಲ್ಲ. ಬಿಳಿ ಗೆದ್ದಲು ಹಾಕಿ, ಬೆಸ್ಟ್. ಆದ್ರೆ ಒಂದು ವಿಷಯ: ಔಷಧಿ ಹೊಡೆದ ಕಡೆಯಿಂದ ತರಬೇಡಿ. ಅಂಥ ಗೆದ್ದಲು ನಾಲ್ಕು ಸಾಕು, ಮರಿ ಅಷ್ಟೂ ಹೋಗ್ತದೆ."

ಹನೀಫಾಕನ ಮನೆಯಲ್ಲಿ ಗೆದ್ದಲು ಇರಲಿಲ್ಲ. ಹೋದ ವರ್ಷ ಅವರೇ ಮಂಗಳೂರಿನಿಂದ ಜನ ಕರೆಸಿ, ಅಡಿಪಾಯದ ಸುತ್ತ ತೂತು ಕೊರೆಸಿ ಔಷಧಿ ಇಳಿಸಿದ್ದರು. "ಪಂಜಿಗುಡ್ಡೆಯಲ್ಲಿ ಗೆದ್ದಲು ಇಲ್ಲದ ಮನೆ ನನ್ನದೊಂದೇ" ಎಂದು ಆಗಲೂ ಜುಮ್ಮಾ ಮುಗಿಸಿ ಹೇಳಿದ್ದರು. ಈಗ ಆ ಮಾತಿಗೆ ಸಾಕ್ಷಿ ಬೇಕಾಗಿರಲಿಲ್ಲ. ಅವರು ಒಂದು ಐಸ್‌ಕ್ರೀಂ ಡಬ್ಬ, ಒಂದು ಪೈಂಟಿನ ಬ್ರಷ್ಷು ಮತ್ತು ರಿಜಿಸ್ಟರ್ ಹಿಡಿದು, ಗುರುತಿನ ಚೀಟಿ ಕೊರಳಿಗೆ ಹಾಕಿ ಹೊರಟರು. ರಿಜಿಸ್ಟರಿನಲ್ಲಿ ಮೂರು ಕಾಲಂ ಎಳೆದಿದ್ದರು: ಮನೆಯವರ ಹೆಸರು, ಗೆದ್ದಲಿನ ಪ್ರಮಾಣ, ಔಷಧಿ ಹಾಕಿದ್ದು ಉಂಟಾ ಇಲ್ಲವಾ.

ಮೊದಲ ಮನೆ ಹುಕ್ರಪ್ಪಣ್ಣನದು. ಅವರಿಗೆ ಅರವತ್ತೈದು ವರ್ಷ, ಎರಡು ಎಕರೆ ರಬ್ಬರ್, ಮತ್ತು ಪಕ್ಕದ ಮನೆಯ ಪ್ರೇಮಾವತಿಯೊಂದಿಗೆ ಇಪ್ಪತ್ತು ವರ್ಷದ ಹಗೆ. ಹಗೆಗೆ ಕಾರಣ ಏನೆಂಬುದು ಇಬ್ಬರಿಗೂ ಮರೆತುಹೋಗಿತ್ತು. ಆದರೆ ಪ್ರೇಮಾವತಿಗೆ ಏನು ಸಿಕ್ಕಿದರೂ ತನಗೆ ಅದಕ್ಕಿಂತ ಸ್ವಲ್ಪ ದೊಡ್ಡದು ಸಿಗಬೇಕು ಎಂಬುದು ಹುಕ್ರಪ್ಪಣ್ಣನಿಗೆ ಮರೆತಿರಲಿಲ್ಲ.

ಹನೀಫಾಕ ಅವರ ತೆಂಗಿನ ಸಿಪ್ಪೆಯ ರಾಶಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬ್ರಷ್ಷಿನಿಂದ ಗೆದ್ದಲನ್ನು ಡಬ್ಬಕ್ಕೆ ಗುಡಿಸುತ್ತಿದ್ದಾಗ ಹಿಂದಿನಿಂದ ಧ್ವನಿ ಬಂತು.

"ಎಂಥ ಬ್ಯಾರಿಗಳೇ, ಅಲ್ಲಿ ಎಂಥ ಮಾಡುದು?"

ಬ್ರೀಡಿಂಗ್ ಮಾಡುತ್ತೇನೆ ಎಂದು ಊರಿಗೆಲ್ಲ ಹೇಳಿದ ಮನುಷ್ಯ, ಗೆದ್ದಲು ಬೇಡಲು ಬಂದಿದ್ದೇನೆ ಎಂದು ಹೇಳುವುದು ಹೇಗೆ? ಹನೀಫಾಕ ಎದ್ದು ನಿಂತರು. ಗುರುತಿನ ಚೀಟಿ ಸರಿ ಮಾಡಿಕೊಂಡರು. ಆಗಲೇ ಆ ಒಂದು ಶಬ್ದ ಅವರ ಬಾಯಿಂದ ಬಂತು.

"ಸರ್ವೆ."

ನಮ್ಮ ಕಡೆ ಈ ಶಬ್ದವನ್ನು ಹಾಗೆಲ್ಲ ಬಾಯಿಗೆ ಹಾಕಿಕೊಳ್ಳಬಾರದು. ಅಡಿಕೆಗೆ ರೋಗ ಬಂದಾಗ ಸರ್ವೆ, ಗಾಳಿಗೆ ಹೆಂಚು ಹಾರಿದಾಗ ಸರ್ವೆ, ಆನೆ ಬಾಳೆ ತಿಂದಾಗ ಸರ್ವೆ. ಸರ್ವೆಯಲ್ಲಿ ಹೆಸರು ಇದ್ದವನಿಗೆ ಪರಿಹಾರ ಬರುತ್ತದೆ, ಆ ದಿನ ಮದುವೆಗೆ ಹೋಗಿ ತಪ್ಪಿಸಿಕೊಂಡವನಿಗೆ ಬರುವುದಿಲ್ಲ. ಹೀಗಾಗಿ ಸರ್ವೆ ಎಂದರೆ ಯಾವುದರ ಸರ್ವೆ ಎಂದು ಯಾರೂ ಮೊದಲು ಕೇಳುವುದಿಲ್ಲ.

"ನನ್ನ ಹೆಸರು ಬರೆದಿರಾ?" ಎಂದರು ಹುಕ್ರಪ್ಪಣ್ಣ.

"ಬರೀತೇನೆ, ಬರೀತೇನೆ. ಇಲ್ಲಿಗೆ ಔಷಧಿ ಹಾಕಿದ್ದುಂಟಾ?"

ಹುಕ್ರಪ್ಪಣ್ಣ ಒಂದು ಕ್ಷಣ ಯೋಚಿಸಿದರು. ಔಷಧಿ ಹಾಕಿದ್ದೇನೆ ಎಂದರೆ ನಷ್ಟ ಎಲ್ಲಿದೆ ಎಂದು ಕೇಳುತ್ತಾರೆ. "ಔಷಧಿಯಾ? ನನ್ನ ಅಪ್ಪನ ಕಾಲದಿಂದ ಈ ಜಾಗಕ್ಕೆ ಒಂದು ತೊಟ್ಟು ಬಿದ್ದದ್ದಿಲ್ಲ."

ಆಗಲೇ ಹನೀಫಾಕನ ಕಣ್ಣು ಜಗಲಿಯ ಮೇಲೆ ಹೋಯಿತು. ಅಲ್ಲಿ ಒಂದು ಬಾಟಲಿಯಲ್ಲಿ ಮನಿ ಪ್ಲಾಂಟ್ ಚೆನ್ನಾಗಿ ಹಬ್ಬಿತ್ತು. ಬಾಟಲಿಯ ಮೇಲೆ ತಲೆಬುರುಡೆಯ ಚಿತ್ರ, ಕೆಳಗೆ ಸತ್ತು ಬಿದ್ದ ಒಂದು ಗೆದ್ದಲಿನ ಚಿತ್ರ. ಪಕ್ಕದಲ್ಲಿ ಅಂಥದ್ದೇ ಇನ್ನೂ ಮೂರು ಬಾಟಲಿ ಗಿಡಕ್ಕಾಗಿ ಕಾದು ಕೂತಿದ್ದವು.

ಹನೀಫಾಕ ಡಬ್ಬವನ್ನು ಬಗ್ಗಿಸಿ ಗೆದ್ದಲನ್ನೆಲ್ಲ ಸಿಪ್ಪೆಯ ರಾಶಿಗೇ ಮರಳಿಸಿದರು. ಬ್ರಷ್ಷಿಗೆ ಅಂಟಿದ್ದ ಒಂದನ್ನೂ ಬಿಡಲಿಲ್ಲ. ಮತ್ತೆ ರಿಜಿಸ್ಟರ್ ತೆಗೆದು ಬರೆದರು: "ಹುಕ್ರಪ್ಪ. ಮಧ್ಯಮ. ವಿಷ ಉಂಟು. ತಿರಸ್ಕೃತ."

"ರಿಜೆಕ್ಟಾ?" ಹುಕ್ರಪ್ಪಣ್ಣ ಬಗ್ಗಿ ರಿಜಿಸ್ಟರ್ ಓದಿದರು.

"ನಿಮ್ಮದು ಆಗುದಿಲ್ಲ ಹುಕ್ರಪ್ಪಣ್ಣ. ಔಷಧಿ ತಾಗಿದ್ದು ತಿಂದ್ರೆ ಮರಿ ಸಾಯ್ತದೆ. ನನ್ನ ಹಕ್ಕಿಮರಿ, ನಾಲ್ಕು ಉಂಟು."

ಇದು ಮೊದಲ ಸತ್ಯ. ಹುಕ್ರಪ್ಪಣ್ಣ ಅದನ್ನು ಕೇಳಲೇ ಇಲ್ಲ. ಅವರು ನೋಡುತ್ತಿದ್ದುದು ಹನೀಫಾಕ ತನ್ನ ಗೇಟು ದಾಟಿ ಪ್ರೇಮಾವತಿಯ ಗೇಟು ತೆರೆಯುವುದನ್ನು. ಅಲ್ಲಿ ಪ್ರೇಮಾವತಿ ಬೆಲ್ಲ ನೀರು ತಂದುಕೊಟ್ಟದ್ದು ಕಾಣಿಸಿತು. ಹನೀಫಾಕ ಸೌದೆ ಕೊಟ್ಟಿಗೆಯಲ್ಲಿ ಬಗ್ಗಿದ್ದು ಕಾಣಿಸಿತು. ಡಬ್ಬ ತುಂಬಿದ್ದು, ರಿಜಿಸ್ಟರಿನಲ್ಲಿ ಬರೆದದ್ದು, ಪ್ರೇಮಾವತಿ ಹಲ್ಲು ಬಿಟ್ಟದ್ದು ಎಲ್ಲ ಕಾಣಿಸಿತು. ಹುಕ್ರಪ್ಪಣ್ಣ ಅಂಗಿ ಹಾಕಿಕೊಂಡು ಪಂಚಾಯತ್ ಮೆಂಬರ್ ಚಿನ್ನಯ್ಯನ ಮನೆಗೆ ಓಡಿದರು.

"ಗೆದ್ದಲಿಗೆ ಪರಿಹಾರ ಬಂದದ್ದು ಹೌದಾ ಚಿನ್ನಯ್ಯ? ಪ್ರೇಮಾವತಿಯದ್ದು ಪಾಸು, ನನ್ನದು ರಿಜೆಕ್ಟು. ಇದು ಯಾವ ನ್ಯಾಯ?"

ಮೆಂಬರಿಗೆ ಗೊತ್ತಿಲ್ಲದ ಯೋಜನೆ ಬೇಕಾದಷ್ಟು ಇರುತ್ತದೆ. ಗೊತ್ತಿಲ್ಲ ಎಂದು ಒಪ್ಪುವ ಮೆಂಬರ್ ಮಾತ್ರ ಇರುವುದಿಲ್ಲ.

"ಹೌದು, ಹೌದು" ಎಂದ ಚಿನ್ನಯ್ಯ. "ಮೇಲಿನಿಂದ ಬಂದದ್ದು. ಹನೀಫಾಕನಿಗೆ ಆ ಕೆಲಸ ಕೊಡಿಸಿದ್ದೇ ನಾನು."

ಅರ್ಧ ಗಂಟೆಯಲ್ಲಿ ವಾರ್ಡಿನ ವಾಟ್ಸ್ಯಾಪ್ ಗುಂಪಿಗೆ ಸಂದೇಶ ಬಂತು: "ಗೆದ್ದಲು ಸಂತ್ರಸ್ತರ ಗಮನಕ್ಕೆ. ಆಧಾರ್ ಜೆರಾಕ್ಸ್, ಪಡಿತರ ಚೀಟಿ ಜೆರಾಕ್ಸ್ ಸಹಿತ ಅರ್ಜಿ ಪಂಚಾಯತಿಗೆ ಕೊಡುವುದು. ಗೆದ್ದಲನ್ನು ಹನೀಫರಿಗೆ ತೋರಿಸುವುದು."

ಮರುದಿನ ಬೆಳಿಗ್ಗೆ ಜುಲೈಕಾ ಬಾಗಿಲು ತೆರೆದಾಗ ಅಂಗಳದಲ್ಲಿ ಇಪ್ಪತ್ತು ಜನ ಇದ್ದರು. ಒಬ್ಬರು ಬಾಳೆಲೆಯಲ್ಲಿ, ಒಬ್ಬರು ಕುಕ್ಕರಿನಲ್ಲಿ, ಒಬ್ಬರು ಹೆಲ್ಮೆಟಿನಲ್ಲಿ ಗೆದ್ದಲು ತಂದಿದ್ದರು. ಒಬ್ಬ ಬಚ್ಚಲಿನ ಬಾಗಿಲನ್ನೇ ಕಿತ್ತುಕೊಂಡು ಬಂದಿದ್ದ. ಅವನ ಮನೆಯವರು ಹಳೆ ಸೀರೆ ಕಟ್ಟಿ ಸ್ನಾನ ಮಾಡುತ್ತಿದ್ದರು. ಹನೀಫಾಕ ಒಬ್ಬೊಬ್ಬರ ಹೆಸರು ಬರೆದು, ಗೆದ್ದಲು ನೋಡಿ, ಜಗಲಿಯಲ್ಲಿ ಔಷಧಿ ಬಾಟಲಿ ಇಟ್ಟದ್ದು ತಾನು ಕಂಡಿದ್ದವರನ್ನು ವಾಪಸ್ ಕಳಿಸಿದರು. ಅವರು ಕೇಳಿದಷ್ಟು ಜನ, "ಔಷಧಿಯಾ? ಕಣ್ಣಲ್ಲಿ ನೋಡಿದ್ದಿಲ್ಲ" ಎಂದು ಆಣೆ ಹಾಕಿದರು. ಹೀಗಾಗಿ ಹನೀಫಾಕ ಪ್ರತಿಯೊಬ್ಬನ ಗೆದ್ದಲನ್ನೂ ಒಂದು ದಿನ ಬೇರೆ ಡಬ್ಬದಲ್ಲಿ ಇಟ್ಟು, ಅದು ಸತ್ತರೆ ಆ ಮನುಷ್ಯ ಸುಳ್ಳುಗಾರ, ಬದುಕಿದರೆ ಸತ್ಯವಂತ ಎಂದು ತೀರ್ಮಾನ ಮಾಡುವ ಪದ್ಧತಿ ತಂದರು. ಊರಿನ ಮರ್ಯಾದಸ್ಥರಲ್ಲಿ ಒಂಬತ್ತು ಮಂದಿ ಈ ಪರೀಕ್ಷೆಯಲ್ಲಿ ಬಿದ್ದುಹೋದರು.

ಹತ್ತು ಗಂಟೆಗೆ ಪ್ರೇಮಾವತಿ ರಿಕ್ಷಾದಲ್ಲಿ ಒಂದು ಮಂಚ ಹಾಕಿಸಿಕೊಂಡು ಬಂದಳು.

"ಹನೀಫಾಕ, ನಿನ್ನೆ ಸೌದೆ ಕೊಟ್ಟಿಗೆಯದ್ದು ಮಾತ್ರ ಬರೆದದ್ದಲ್ವಾ? ಇದು ಮನೆ ಒಳಗಿನದ್ದು. ನಾಲ್ಕು ಕಾಲೂ ಟೊಳ್ಳು, ಬಡಿದು ನೋಡಿ."

"ಇದರಲ್ಲಿ ಯಾರು ಮಲಗುದು ಪ್ರೇಮಕ್ಕ?"

"ಅತ್ತೆ."

"ಅವರು ಈಗ ಎಲ್ಲಿ?"

"ಚಾಪೆಯಲ್ಲಿ. ಪರಿಹಾರ ಬಂದ ಮೇಲೆ ಹೊಸ ಮಂಚ."

"ಪರಿಹಾರ ಇಲ್ಲ ಪ್ರೇಮಕ್ಕ. ದೇವರಾಣೆ ಇಲ್ಲ. ಇದು ಹಕ್ಕಿಮರಿಗೆ ತಿನ್ನಿಸ್ಲಿಕ್ಕೆ. ನೀವೇ ನೋಡಿ!" ಹನೀಫಾಕ ಒಂದು ಚಿಟಿಕೆ ಗೆದ್ದಲನ್ನು ಪಂಜರದ ತಟ್ಟೆಗೆ ಹಾಕಿದರು. ತಾಯಿಹಕ್ಕಿ ಬಂದು ಕೊಕ್ಕಿನ ತುಂಬ ಹಿಡಿದು ಗೂಡಿಗೆ ಹಾರಿತು. ಗೂಡಿನೊಳಗಿಂದ ನಾಲ್ಕು ಮರಿಗಳ ಚಿರಿಚಿರಿ ಕೇಳಿಸಿತು.

ಅಂಗಳದ ಜನ ಪಂಜರ ನೋಡಿದರು, ಹನೀಫಾಕನನ್ನು ನೋಡಿದರು, ಮತ್ತೆ ಒಬ್ಬರ ಮುಖ ಒಬ್ಬರು ನೋಡಿದರು. ಚಿನ್ನಯ್ಯ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಟೆಸ್ಟಿಂಗಾ? ಒಳ್ಳೆ ವ್ಯವಸ್ಥೆ ಮಾಡಿದ್ದೀರಿ. ಹೊರಗಿನವರಿಗೆ ಹಕ್ಕಿಗೆ ಅಂತಲೇ ಹೇಳಿ. ಬಾಯಿ ಬಿಟ್ರೆ ಬೇರೆ ವಾರ್ಡಿನವರು ಬರ್ತಾರೆ."

ಬೇರೆ ವಾರ್ಡಿನವರು ಆಗಲೇ ಗೇಟಿನಲ್ಲಿದ್ದರು.

ಮುಂದಿನ ಹತ್ತು ದಿನ ಮರಿಗಳ ಪಾಲಿಗೆ ಸ್ವರ್ಗ. ಹನೀಫಾಕನ ಪಾಲಿಗೂ ಕೆಟ್ಟದ್ದೇನಲ್ಲ. ಬೆಲ್ಲ ನೀರಿನ ಜಾಗಕ್ಕೆ ಎಳನೀರಿನ ಬೊಂಡ ಬಂತು, ಬೊಂಡದ ಹಿಂದೆ ಒಂದು ಗೊನೆ ಕದಳಿ ಬಾಳೆ ಬಂತು. ಹುಕ್ರಪ್ಪಣ್ಣ ಒಂದು ಹುಂಜವನ್ನು ಕಾಲು ಕಟ್ಟಿ ತಂದು, "ಇದು ರಿಜೆಕ್ಟಿಗೆ ಸಂಬಂಧಪಟ್ಟದ್ದಲ್ಲ, ಸುಮ್ಮನೆ" ಎಂದರು. ಹನೀಫಾಕ ಹುಂಜವನ್ನು ವಾಪಸ್ ಕಳಿಸಿದರು. ಅಲ್ಲಿಗೆ ಅವರು ಲಂಚ ಮುಟ್ಟದ ಅಧಿಕಾರಿ ಎಂಬ ಭಯವೂ ಹುಟ್ಟಿತು. ಪಂಚಾಯತಿನ ಗುಮಾಸ್ತ ತನ್ನ ಮೇಜಿಗೆ ಬಂದ ಕಾಗದಕ್ಕೆಲ್ಲ ಸೀಲು ಹೊಡೆಯುವವನು. ಅವನು ಅರವತ್ತಮೂರು ಅರ್ಜಿ ತೆಗೆದುಕೊಂಡು ಅರವತ್ತಮೂರು ಸ್ವೀಕೃತಿ ಚೀಟಿ ಕೊಟ್ಟ.

ಜುಲೈಕಾ ಒಬ್ಬಳೇ ಅಂಗಳದಲ್ಲಿದ್ದ ಮಂಚದ ನಾಲ್ಕು ಕಾಲಿನ ಕೆಳಗೂ ನೀರಿನ ತಟ್ಟೆ ಇಟ್ಟು, ಪೊರಕೆ ಹಿಡಿದು ಗಡಿ ಕಾಯುತ್ತಿದ್ದಳು. "ಹಕ್ಕಿ ಉಳಿಸ್ಲಿಕ್ಕೆ ಹೋಗಿ ಮನೆ ಹೋದ್ರೆ, ಅದನ್ನೂ ರಿಜಿಸ್ಟರಿನಲ್ಲಿ ಬರೀತೀರಾ?"

ಹದಿಮೂರನೇ ದಿನ ಎಲ್ಲ ತಲೆಕೆಳಗಾಯಿತು. ಪಂಚಾಯತಿನ ಪಿಡಿಒ ವಿಸ್ಮಿತಾ ಮೇಡಂ ಹದಿನೈದು ದಿನದ ತರಬೇತಿ ಮುಗಿಸಿ ಬಂದು ಸೂಚನಾ ಫಲಕದಲ್ಲಿ ಒಂದು ಕಾಗದ ಅಂಟಿಸಿದರು: "ಗೆದ್ದಲು ಪರಿಹಾರ ಎಂಬ ಯಾವುದೇ ಯೋಜನೆ ಇರುವುದಿಲ್ಲ. ಅಪರಿಚಿತರಿಗೆ ಮನೆಯ ಮಾಹಿತಿ ನೀಡಬಾರದು."

ಊರಿನವರು ಫಲಕದ ಎದುರು ನಿಂತು ಮೂರು ಸಲ ಓದಿದರು. ಪರಿಹಾರ ಇಲ್ಲ. ಆದರೆ ಸರ್ವೆ ಆದದ್ದು ಹೌದು. ಹಾಗಾದರೆ ಸರ್ವೆ ಯಾವುದಕ್ಕೆ? ಎಲ್ಲರೂ ಚಿನ್ನಯ್ಯನ ಕಡೆ ತಿರುಗಿದರು. ಚಿನ್ನಯ್ಯ ಅರೆ ನಿಮಿಷ ಆಕಾಶ ನೋಡಿದ.

"ನಾನು ಮೊದಲೇ ಹೇಳುವವನಿದ್ದೆ. ಗೆದ್ದಲು ಹಿಡಿದ ಮನೆ ವಾಸಕ್ಕೆ ಯೋಗ್ಯ ಅಲ್ಲ ಅಂತ ಪಟ್ಟಿ ಆಗ್ತಾ ಉಂಟು. ಡೋರ್ ನಂಬ್ರ ಕ್ಯಾನ್ಸಲ್. ಡೋರ್ ನಂಬ್ರ ಹೋದ್ರೆ ಕರೆಂಟು ಹೋಗ್ತದೆ."

ಆ ಮಧ್ಯಾಹ್ನ ಸಿದ್ಧಕಟ್ಟೆಯ ಅಂಗಡಿಗಳಲ್ಲಿ ಗೆದ್ದಲಿನ ಔಷಧಿ ಖಾಲಿಯಾಯಿತು. ಸಂಜೆಯ ಹೊತ್ತಿಗೆ ಇಡೀ ಪಂಜಿಗುಡ್ಡೆ ಆಸ್ಪತ್ರೆಯ ಹಾಗೆ ನಾರುತ್ತಿತ್ತು. ಪ್ರೇಮಾವತಿ ಅದೇ ರಿಕ್ಷಾದಲ್ಲಿ ಬಂದು ಮಂಚ ಹೊತ್ತುಕೊಂಡು ಹೋಗಿ, ಔಷಧಿ ಹೊಡೆದು, ಒಣಗಿಸಿ, ಅತ್ತೆಯನ್ನು ಪುನಃ ಅದರ ಮೇಲೆ ಮಲಗಿಸಿದಳು. ಹನೀಫಾಕ ಡಬ್ಬ ಹಿಡಿದು ಗೇಟಿನಲ್ಲಿ ನಿಂತರೆ, ಅವಳು ಸೆರಗು ಬಿಗಿದು ಹೇಳಿದಳು:

"ಗೆದ್ದಲಾ? ನಮ್ಮಲ್ಲಾ? ನಾವು ಮರ್ಯಾದೆಯಲ್ಲಿ ಬಾಳುವವರು ಹನೀಫಾಕ. ಬೇಕಾದ್ರೆ ಹುಕ್ರಪ್ಪಣ್ಣನಲ್ಲಿ ನೋಡಿ."

ಹುಕ್ರಪ್ಪಣ್ಣ ತನ್ನ ಬಾಟಲಿಗಳನ್ನೆಲ್ಲ ಗೇಟಿನ ಹತ್ತಿರ ಸಾಲಾಗಿ ಇಟ್ಟಿದ್ದರು. "ನೋಡಿ ಬ್ಯಾರಿಗಳೇ, ಹತ್ತು ವರ್ಷದಿಂದ ಹಾಕ್ತೇನೆ. ಅವಳಿಗಿಂತ ಮೊದಲು ಹಾಕಿದ್ದು ನಾನು. ಅದನ್ನು ಸ್ವಲ್ಪ ಬರ್ಕೊಳ್ಳಿ."

ಮರುದಿನ ಹನೀಫಾಕ ಅಳದಂಗಡಿಯ ತನಕ ಸ್ಕೂಟರ್ ಬಿಟ್ಟರು. ಸುದ್ದಿ ಅವರಿಗಿಂತ ಮುಂಚೆ ಅಲ್ಲಿ ತಲುಪಿತ್ತು. ದಾರಿಯ ಉದ್ದಕ್ಕೂ ಜನ ಪಂಪು ಬೆನ್ನಿಗೆ ಹಾಕಿ ನಿಂತಿದ್ದರು.

ಹದಿನೈದನೇ ದಿನ ಬೆಳಿಗ್ಗೆ ಡಬ್ಬದಲ್ಲಿ ಒಂದು ಹಿಡಿ ಮಣ್ಣು ಮತ್ತು ಏಳು ಗೆದ್ದಲು ಇದ್ದವು. ಹತ್ತು ಗಂಟೆಗೆ ಏಳೂ ಮುಗಿದವು. ಜುಲೈಕಾ ಮೊಟ್ಟೆಯ ಹಳದಿ ಪುಡಿ ಮಾಡಿ ಇಟ್ಟಳು. ತಾಯಿಹಕ್ಕಿ ಅದರ ಮೇಲೆ ನಡೆದುಕೊಂಡು ಹೋಯಿತು. ಗೂಡಿನೊಳಗೆ ಮೂರು ಮರಿ ಕೂಗುತ್ತಿದ್ದವು, ಸಣ್ಣದು ಕೂಗುವುದನ್ನು ನಿಲ್ಲಿಸಿತ್ತು. ಜುಲೈಕಾ ಗುಜರಿಯವನ ಮಾತು ಎತ್ತಲಿಲ್ಲ. ಎತ್ತಿದ್ದರೆ ಹನೀಫಾಕನಿಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು.

"ಎಂಥಾದ್ರೂ ಮಾಡಿ" ಎಂದಳು ಅಷ್ಟೇ.

ಅದೇ ಹೊತ್ತಿಗೆ ಪಂಚಾಯತಿನಿಂದ ಕಾಗದ ಬಂತು: ಅನಧಿಕೃತವಾಗಿ ಸರ್ವೆ ನಡೆಸಿದ ಬಗ್ಗೆ ವಿವರಣೆ ನೀಡಲು ರಿಜಿಸ್ಟರ್ ಸಹಿತ ಕೂಡಲೇ ಹಾಜರಾಗತಕ್ಕದ್ದು.

ವಿಸ್ಮಿತಾ ಮೇಡಂ ಕಕ್ಕಿಂಜೆಯ ಕಡೆಯವರು. ವಯಸ್ಸು ಇಪ್ಪತ್ತೇಳು, ಮೊದಲ ಪೋಸ್ಟಿಂಗ್. ಮುಂದಿನ ಸೋಮವಾರ ತಾಲೂಕಿನಿಂದ ಕಡತ ತಪಾಸಣೆಗೆ ಜನ ಬರುವವರಿದ್ದುದರಿಂದ ಅವರ ಮುಖ ಬೆಳಿಗ್ಗೆಯಿಂದ ಗಂಟಾಗಿಯೇ ಇತ್ತು.

"ನೀವು ಯಾವ ಇಲಾಖೆ?"

"ಇಲಾಖೆ ಇಲ್ಲ ಮೇಡಂ. ನಾಲ್ಕು ಮರಿ ಉಂಟು."

"ಕೊರಳಲ್ಲಿ ಎಂಥದು?"

"ಜುಬೈಲಿನದ್ದು. ಅವಧಿ ಮುಗಿದಿದೆ."

ಮೇಡಂ ರಿಜಿಸ್ಟರ್ ತೆರೆದು ಓದಿದರು. "'ಹುಕ್ರಪ್ಪ. ಮಧ್ಯಮ. ವಿಷ ಉಂಟು. ತಿರಸ್ಕೃತ.' ತಿರಸ್ಕರಿಸ್ಲಿಕ್ಕೆ ನಿಮಗೆ ಅಧಿಕಾರ ಕೊಟ್ಟದ್ದು ಯಾರು?"

"ಸಿನಾನ್ ಮೇಡಂ. ಮೂಡುಬಿದಿರೆಯಲ್ಲಿ ಹಕ್ಕಿ ಅಂಗಡಿ."

"ತಮಾಷೆ ಮಾಡ್ತೀರಾ? ನಿಮ್ಮಿಂದಾಗಿ ಎಷ್ಟು ಅರ್ಜಿ ಬಂದಿದೆ ಗೊತ್ತುಂಟಾ? ಅರವತ್ತಮೂರು! ಒಂದೊಂದಕ್ಕೂ ನಾನು ಹಿಂಬರಹ ಕೊಡ್ಬೇಕು. ತಡೀರಿ, ತೋರಿಸ್ತೇನೆ." ಅವರು ಎದ್ದು ಗೋಡೆಗೆ ತಾಗಿದ್ದ ಹಳೆ ಮರದ ಕಪಾಟಿನ ಬಾಗಿಲನ್ನು ಎಳೆದು, ಅರ್ಜಿಗಳ ಕಟ್ಟಿಗೆ ಕೈ ಹಾಕಿದರು.

ಕಟ್ಟಿನ ಅರ್ಧ ಅವರ ಕೈಗೆ ಬಂತು. ಉಳಿದರ್ಧ ಕಪಾಟಿನಲ್ಲೇ ಉಳಿಯಿತು. ಎರಡರ ನಡುವಿನಿಂದ ಕೆಂಪು ಮಣ್ಣು ಸೋರಿತು. ಮಣ್ಣಿನ ಜತೆ ಬಿಳಿ, ಕೊಬ್ಬಿದ, ಆರೋಗ್ಯವಂತ ಗೆದ್ದಲು ನೂರಾರು ಉದುರಿ ಮೇಡಂ ಮೇಜಿನ ಮೇಲೆ ಹರಿದಾಡತೊಡಗಿದವು.

ಹನೀಫಾಕ ಕುರ್ಚಿಯಿಂದ ಎದ್ದು ನಿಂತಿದ್ದರು. ಅವರ ಕೈ ತಾನಾಗಿ ಚೀಲಕ್ಕೆ ಹೋಗಿ ಐಸ್‌ಕ್ರೀಂ ಡಬ್ಬವನ್ನು ತೆಗೆದಿತ್ತು.

ಹನೀಫಾಕ ಡಬ್ಬದ ಮುಚ್ಚಳ ತೆರೆದರು. "ಮೇಡಂ, ಇಲ್ಲಿಗೆ ಔಷಧಿ ಹಾಕಿದ್ದುಂಟಾ?"

ವಿಸ್ಮಿತಾ ಮೇಡಂ ಅರ್ಧ ಅರ್ಜಿಗಳನ್ನು ಕೈಯಲ್ಲೇ ಹಿಡಿದು ಹೇಳಿದರು: "ಇಲ್ಲ. ಔಷಧಿ ಸಿಂಪಡಣೆಗೆ ಪ್ರಸ್ತಾವನೆ ಕಳಿಸಿ ಮೂರು ವರ್ಷ ಆಯ್ತು. ಇನ್ನೂ ಮಂಜೂರಾತಿ ಬಂದಿಲ್ಲ."

ಹನೀಫಾಕನ ಕಣ್ಣಲ್ಲಿ ನೀರು ಬಂತು. ಸರಕಾರದ ಬಗ್ಗೆ ಅವರು ಜೀವನದಲ್ಲಿ ಮೊದಲ ಸಲ ಕೃತಜ್ಞತೆಯಿಂದ ಯೋಚಿಸಿದರು.

"ನಾನು ತೆಗೀತೇನೆ ಮೇಡಂ. ಒಂದನ್ನೂ ಬಿಡುದಿಲ್ಲ. ಆರು ದಿನ ಕೊಡಿ, ದಿನಕ್ಕೆ ಒಂದು ಖಾನೆ. ಬ್ರಷ್ಷು ನನ್ನದೇ. ತಪಾಸಣೆಯ ದಿನ ನಿಮ್ಮ ಉಳಿದ ಕಾಗದದಲ್ಲಿ ಒಂದು ಕಾಲೂ ಕಾಣ್ಲಿಕ್ಕಿಲ್ಲ."

ಮೇಡಂ ಕಪಾಟು ನೋಡಿದರು, ಮೇಜು ನೋಡಿದರು, ಬಾಗಿಲು ಹಾಕಿ ಬಂದರು. "ಇದು ಹೊರಗೆ ಯಾರಿಗೂ ಗೊತ್ತಾಗ್ಬಾರ್ದು."

"ಚಿಂತೆ ಮಾಡ್ಬೇಡಿ ಮೇಡಂ. ನಾನು ಹೇಳಿದ್ರೂ ಯಾರೂ ನಂಬುದಿಲ್ಲ."

ಅರ್ಧ ಗಂಟೆಯಲ್ಲಿ ಹನೀಫಾಕನ ಸ್ಕೂಟರ್ ಮನೆಗೆ ತಲುಪಿತು. ತಾಯಿಹಕ್ಕಿ ತಟ್ಟೆಗೂ ಗೂಡಿಗೂ ಹದಿನಾಲ್ಕು ಸಲ ಓಡಾಡಿತು, ಜುಲೈಕಾ ಎಣಿಸಿದಳು. ಹದಿನೈದನೇ ಸಲಕ್ಕೆ ಗೂಡಿನೊಳಗೆ ನಾಲ್ಕನೇ ಧ್ವನಿ ಕೇಳಿಸಿತು.

ಮುಂದಿನ ಆರು ದಿನ, ಭಾನುವಾರವನ್ನೂ ಬಿಡದೆ, ಬೆಳಿಗ್ಗೆ ಹತ್ತಕ್ಕೆ ಹನೀಫಾಕ ಚೀಲ, ರಿಜಿಸ್ಟರ್ ಸಹಿತ ಪಂಚಾಯತಿಗೆ ಹೋಗುವುದನ್ನು, ಮೇಡಂ ತಾವೇ ಎದ್ದು ಬಾಗಿಲು ಹಾಕುವುದನ್ನು ಊರು ಬಸ್‌ಸ್ಟಾಂಡಿನಿಂದ ನೋಡಿತು. ಇದ್ದ ಅಲ್ಪಸ್ವಲ್ಪ ಸಂಶಯವೂ ಹೋಯಿತು. ರಜೆಯ ದಿನವೂ ಆಫೀಸು ತೆರೆಸುವವರು ಸಣ್ಣ ಅಧಿಕಾರಿಯಲ್ಲ ಎಂದು ಚಿನ್ನಯ್ಯ ಎಲ್ಲರಿಗೂ ವಿವರಿಸಿದ.

ಇಪ್ಪತ್ತೊಂದನೇ ದಿನ ನಾಲ್ಕು ಮರಿಗಳೂ ಗೂಡಿನಿಂದ ಇಳಿದು ಕೋಲಿನ ಮೇಲೆ ಸಾಲಾಗಿ ಕೂತವು. ಜುಲೈಕಾ ಸೌಟು ಹಿಡಿದುಕೊಂಡೇ ಬಂದು ಬಹಳ ಹೊತ್ತು ನೋಡಿದಳು.

"ಪಂಜರ ಸಣ್ಣದಾಯ್ತಲ್ಲ" ಎಂದಳು. "ದೊಡ್ಡದು ತನ್ನಿ. ಹಳೆದನ್ನು ಬೇಕಾದ್ರೆ ಗುಜರಿಗೆ ಕೊಡುವ."

ಹನೀಫಾಕ ರಿಜಿಸ್ಟರಿನಲ್ಲಿ "ಸ್ಟಾಕ್ 4" ಎಂದು ಬರೆಯುತ್ತಿದ್ದಾಗ ಗೇಟು ಕಿರುಗುಟ್ಟಿತು. ಹುಕ್ರಪ್ಪಣ್ಣ ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹಿಡಿದುಕೊಂಡು ಬಂದಿದ್ದರು.

"ಬ್ಯಾರಿಗಳೇ, ಒಂದು ಮಾತು ಸತ್ಯ ಹೇಳಿ. ನನ್ನ ಅರ್ಜಿ ಎಂಥಾಯ್ತು?"

ಹನೀಫಾಕನಿಗೆ ಸಾಕಾಗಿತ್ತು. ಮೇಡಂಗೆ ಕೊಟ್ಟ ಮಾತೂ ಆ ಹೊತ್ತಿಗೆ ಮರೆತುಹೋಯಿತು. "ಹುಕ್ರಪ್ಪಣ್ಣ, ನಿಮ್ಮ ಅರ್ಜಿಯನ್ನು ಕಪಾಟಿನಲ್ಲಿ ಇಟ್ಟಿದ್ರು. ಅದನ್ನು ಗೆದ್ದಲು ತಿಂತು. ಆ ಗೆದ್ದಲನ್ನು ನಾನು ತಂದೆ. ಅದನ್ನು ಇವು ತಿಂದವು. ಇಷ್ಟೇ ವಿಷಯ. ದೇವರಾಣೆ."

ಹುಕ್ರಪ್ಪಣ್ಣ ಪಂಜರದ ಹತ್ತಿರ ಹೋದರು. ಕನ್ನಡಕ ಮೂಗಿನ ಮೇಲೆ ಏರಿಸಿ ನಾಲ್ಕು ಮರಿಗಳನ್ನೂ ಒಂದೊಂದಾಗಿ ನೋಡಿದರು. ಸರಕಾರಿ ಕಚೇರಿಯಲ್ಲಿ ನಲವತ್ತು ವರ್ಷ ಅರ್ಜಿ ಕೊಟ್ಟ ಮನುಷ್ಯ ಅವರು. ಅರ್ಜಿ ಎಲ್ಲಿಗೆ ಹೋಯಿತು ಎಂದು ಒಬ್ಬನಾದರೂ ಬಿಡಿಸಿ ಹೇಳಿದ್ದು ಇದೇ ಮೊದಲು.

"ಅಂದ್ರೆ ವಿಲೇವಾರಿ ಆಗಿದೆ."

"ಆಗಿದೆ."

"ಪ್ರೇಮಾವತಿಯದ್ದೂ?"

"ಅದೂ ಆಗಿದೆ."

"ನನ್ನದು ಯಾವುದು?"

ಹನೀಫಾಕ ಜುಲೈಕಾಳ ಮುಖ ನೋಡದೆ, ಕೋಲಿನ ತುದಿಯಲ್ಲಿ ಕೂತಿದ್ದ ಎಲ್ಲಕ್ಕಿಂತ ದಪ್ಪ ಮರಿಯನ್ನು ತೋರಿಸಿದರು. ಇದನ್ನು ಸುಳ್ಳು ಎನ್ನಲು ಯಾರಲ್ಲಿಯೂ ದಾಖಲೆ ಇರಲಿಲ್ಲ.

"ಅವಳದ್ದು?"

ಹನೀಫಾಕ ಸಣ್ಣದನ್ನು ತೋರಿಸಿದರು.

ಹುಕ್ರಪ್ಪಣ್ಣ ಎರಡನ್ನೂ ಹೋಲಿಸಿ ನೋಡಿದರು. ಸ್ವೀಕೃತಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದರು.

"ಸಾಕು" ಎಂದರು. "ನ್ಯಾಯ ಸಿಕ್ಕಿತು."